ಕೆಳಗಿಡದ ಕೋಲು

ಅಹಮದಾಬಾದಿನಲ್ಲಿ ನನಗೂ ಮಗಳು ಅರ್ಚಿತಾಳಿಗೂ ಭರತನಾಟ್ಯ ಕಲಿಸಿದವರು ಅನಂತರಾಮ ಮಾಸ್ಟರು. ಗುರು ತಾಳದ ಕೋಲನ್ನು ಕೆಳಗಿಡುವವರೆಗೆ ಶಿಷ್ಯರು ನಿಲ್ಲುವಂತಿಲ್ಲ ಎಂಬುದು ಅವರ ಪರಂಪರೆಯ ಕಟ್ಟಳೆ. ಅವರು ತೀರಿಕೊಂಡಾಗ ಅವರ ಅಜ್ಜನ ಕಾಲದ ಆ ಕೋಲನ್ನು ವಹಿಸಿಕೊಳ್ಳಲು ಶಿಷ್ಯರಾದ ನಮ್ಮಲ್ಲಿ ಯಾರೂ ಮುಂದೆ ಬರಲಿಲ್ಲ. ಅವರ ಕೈಯಲ್ಲೇ ಹಿಡಿಸಿ ಚಿತೆಗೆ ಒಪ್ಪಿಸಿದೆವು.

ಮರುದಿನ ಮಧ್ಯಾಹ್ನ ಮಣಿನಗರದ ನಮ್ಮ ಹಾಲ್‌ನಲ್ಲಿ ಅರ್ಚಿತಾ ಅಡವು ಹಾಕುತ್ತಿದ್ದಳು. ಹೊರಗೆ ಬೆಂಕಿಯಂಥ ಬಿಸಿಲು, ಅವಳ ಕಾಲಡಿಯ ನೆಲ ಮಾತ್ರ ಮಂಜಿನಂತೆ ಕೊರೆಯುತ್ತಿತ್ತು. ಎಲ್ಲಿಂದಲೋ ಮರಕ್ಕೆ ಮರ ಬಡಿಯುವ ಸದ್ದು.

“ಸಾಕು ಪುಟ್ಟಿ, ಕೂತ್ಕೋ.”

“ಕೈಸೇ, ಮಮ್ಮಿ? ಹೇಗೆ ಕೂರ್ಲಿ? ಸರ್ ಇನ್ನೂ ಸ್ಟಿಕ್ ಕೆಳಗೆ ಇಟ್ಟಿಲ್ಲ ನಾ.”

ತಬ್ಬಿ ಹಿಡಿದೆ. ನನ್ನ ತೋಳುಗಳೊಳಗೇ ಅವಳ ಕಾಲು ಬಡಿಯುತ್ತಿತ್ತು. ಸಂಜೆಯ ಹೊತ್ತಿಗೆ ಹಿಮ್ಮಡಿ ಒಡೆದು ಟೈಲ್ಸ್ ಕೆಂಪಾಯಿತು. ಡಾಕ್ಟರು ಬಂದು ಕೊಟ್ಟ ನಿದ್ದೆಯ ಇಂಜೆಕ್ಷನ್‌ಗೆ ಕಣ್ಣು ಮುಚ್ಚಿದಳು, ಕಾಲು ನಿಲ್ಲಲಿಲ್ಲ.

ಬೇರೆ ದಾರಿ ಕಾಣದೆ ಅಡುಗೆಮನೆಯ ಲಟ್ಟಣಿಗೆ ತಂದು, ಮಾಸ್ಟರಂತೆ ಕೂತು ಮಣೆಗೆ ತಟ್ಟಿದೆ. ನಾನೇ ತಾಳ ಹಾಕಿ, ನಾನೇ ಕೆಳಗಿಟ್ಟರೆ ಮುಗಿಯಬಹುದು ಅಂದುಕೊಂಡೆ. ಎಲ್ಲಿಂದಲೋ ಬರುತ್ತಿದ್ದ ಆ ಮರದ ಸದ್ದು ಥಟ್ಟನೆ ನಿಂತಿತು. ಅರ್ಚಿತಾ ಕುಣಿಯುತ್ತಲೇ ಕಣ್ಣು ತೆರೆದು ನನ್ನ ಕೈಯನ್ನೇ ನೋಡಿದಳು.

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಇನ್ನೂ ತಟ್ಟುತ್ತಿದೆ. ಲಟ್ಟಣಿಗೆ ಕೆಳಗಿಡಲು ಬೆರಳು ಬಿಚ್ಚುತ್ತಿಲ್ಲ.