ಕ್ಲೌಡಿನಲ್ಲಿ ಹಳಸಿದ ಚಟ್ನಿ

ಅವನ ಮೊಣಕೈ ನನ್ನ ಪಕ್ಕೆಲುಬಿಗೆ ಬಿತ್ತು.

ಡೊಂಬಿವ್ಲಿ ಸ್ಟೇಷನ್. ಮಧ್ಯಾಹ್ನ ಎರಡು ಗಂಟೆ. ಇಬ್ಬರು ದಾಂಡಿಗರು. ಒಬ್ಬ ನನ್ನನ್ನು ಕಂಬಕ್ಕೆ ಒತ್ತಿ ಹಿಡಿದಿದ್ದ. ಇನ್ನೊಬ್ಬ ನನ್ನ ಹೆಗಲ ಬ್ಯಾಗು ಎಳೆಯುತ್ತಿದ್ದ. ಸುತ್ತಲೂ ನೂರು ಜನ... ಎಲ್ಲರ ಕಣ್ಣೂ ಗಾಡಿಯ ಸಮಯ ತೋರಿಸುವ ಇಂಡಿಕೇಟರ್ ಮೇಲೆ.

"ಲ್ಯಾಪ್‌ಟಾಪ್ ಛೋಡ್."

ಬಿಡಲಿಲ್ಲ. ಒತ್ತಿ ಹಿಡಿದವನ ಮೊಣಕಾಲಿಗೆ ಒದ್ದೆ. ಬ್ಯಾಗಿನ ಪಟ್ಟಿ ಕಿತ್ತುಬಂತು. ಇನ್ನೊಬ್ಬ ಬ್ಯಾಗನ್ನು ಹಳಿಯ ಮೇಲೆ ಎಸೆದ. ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ಗಾಡಿ ಬಂತು. ಬೋಗಿಗಳೆಲ್ಲ ಅದರ ಮೇಲೆಯೇ ಹಾದುಹೋದವು.

ನನ್ನ ಹಿಂದೆ ನಿಂತಿದ್ದ ರಮಿತಾ ಅಲ್ಲೇ ನೆಲಕ್ಕೆ ಕುಸಿದು ಕೂತಳು.

"ಸಬ್ ಖತಮ್ ಅಂಕಲ್. ನನ್ನ ಪ್ರೂಫ್ ಎಲ್ಲ ಅದರಲ್ಲೇ ಇತ್ತು."

ನನ್ನ ಹೆಸರು ಜಯಶೀಲ ಸಾರ್. ಕಲ್ಯಾಣದಲ್ಲಿ ಒಂದು ಕೋಣೆಯ ಆಫೀಸು. ಕಳೆದುಹೋದದ್ದನ್ನು ಹುಡುಕಿಕೊಡುವುದು ಕಸುಬು. ನಿಮ್ಮ ಕಂಪನಿಗೆ ಕ್ಲೌಡ್ ಲ್ಯಾಪ್‌ಟಾಪ್ ಆಗುತ್ತದೋ ಇಲ್ಲವೋ, ಅದನ್ನು ನಂಬಬಹುದೋ ಅಂತ ಕೇಳಿದಿರಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಆ ಬೆಳಿಗ್ಗೆ ವಿಷ್ಣುಮೂರ್ತಿ ಕರೆಸಿದ್ದ. ಥಾಣೆಯ ನೌಪಾಡಾದಲ್ಲಿ ಅವನ ವೆಜ್ ಹೋಟೆಲು. ವಾಗ್ಳೆ ಎಸ್ಟೇಟಿನಲ್ಲಿ ದೊಡ್ಡ ಅಡುಗೆ ಯೂನಿಟ್. ಅಲ್ಲಿಂದ ಹಾಸ್ಟೆಲ್‌ಗಳಿಗೆ ಇಡ್ಲಿ, ಚಟ್ನಿ ಸಪ್ಲೈ. ಹಣೆಯಲ್ಲಿ ಗಂಧ, ಬಾಯಲ್ಲಿ ಬರೀ ಸಕ್ಕರೆ.

ಹಿಂದಿನ ದಿನ ಅವನ ಚಟ್ನಿ ತಿಂದು ನೆರೂಳದ ಹಾಸ್ಟೆಲಿನ ಹನ್ನೊಂದು ಹುಡುಗಿಯರು ಆಸ್ಪತ್ರೆ ಸೇರಿದ್ದರು. ಒಬ್ಬಳು ಐಸಿಯುನಲ್ಲಿದ್ದಳು.

"ಕ್ವಾಲಿಟಿ ನೋಡುವ ಹುಡುಗಿದ್ದೇ ತಪ್ಪು ಮಾರಾಯ," ಅಂದ. "ಕೋಲ್ಡ್ ರೂಮ್ ಹಾಳಾಗಿತ್ತು. ಇವಳು ನಾಲ್ಕು ಡಿಗ್ರಿ ಉಂಟು ಅಂತ ಸುಳ್ಳು ಬರ್ದು ಮಾಲು ಕಳಿಸಿದ್ದಾಳೆ. ಈಗ ಲ್ಯಾಪ್‌ಟಾಪನ್ನೂ ಎತ್ಕೊಂಡು ಹೋಗಿದ್ದಾಳೆ. ತಂದು ನನ್ನ ಕೈಗೆ ಕೊಡು. ನಮ್ಮವ ಅಂತ ನಿನ್ನನ್ನು ಕರ್ದದ್ದು."

ನಮ್ಮವ! ಆ ಒಂದು ಮಾತಿಗೆ ಕರಗಿ ಹೊರಟೆ. ನನ್ನಂಥ ಪೆದ್ದ ಇನ್ನೊಬ್ಬನಿಲ್ಲ.

ಆ ಹುಡುಗಿ ರಮಿತಾ ಡೊಂಬಿವ್ಲಿಯ ತನ್ನ ಮನೆಯಲ್ಲೇ ಸಿಕ್ಕಳು. ಲ್ಯಾಪ್‌ಟಾಪನ್ನು ಎದೆಗೆ ಅಪ್ಪಿಕೊಂಡಿದ್ದಳು.

"ಹತ್ತೊಂಬತ್ತು ಡಿಗ್ರಿ ಇತ್ತು ಅಂಕಲ್. ಚಟ್ನಿ ಕಳಿಸ್ಬೇಡಿ ಅಂತ ಇದರಲ್ಲೇ ಬರ್ದೆ. ವಿಷ್ಣುಮೂರ್ತಿ ಸಾರ್‌ಗೆ ಫೋನೂ ಮಾಡ್ದೆ. ಅವರು ಬಂದು ಮೂಸಿ ನೋಡಿದ್ರು. ಇನ್ನೊಮ್ಮೆ ಒಗ್ಗರಣೆ ಹಾಕಿ ಕಳಿಸಿ, ವಾಸನೆ ಹೋಗ್ತದೆ ಅಂದ್ರು."

ನಾನೂ ಹತ್ತು ವರ್ಷ ಅವನ ಹೋಟೆಲಿನಲ್ಲಿ ತಿಂದವನು.

"ಮತ್ತೆ ಈ ನಾಲ್ಕು ಡಿಗ್ರಿ?"

"ನಾನು ಬರ್ದದ್ದಲ್ಲ. ಆದ್ರೆ ಐಡಿ ನನ್ನ ಹೆಸರಲ್ಲೇ ಉಂಟು."

"ಪಾಸ್‌ವರ್ಡ್ ಬೇರೆ ಯಾರ ಹತ್ರ ಉಂಟು?"

"ಎಲ್ರ ಹತ್ರ. ಯೂನಿಟ್‌ಗೆಲ್ಲ ಒಂದೇ ಐಡಿ. ಬೇರೆ ಬೇರೆ ಯಾಕೆ, ಅಡ್ಜಸ್ಟ್ ಮಾಡಿ ಅಂತ ಸಾರೇ ಅಂದಿದ್ರು."

ನಾಲ್ಕು ಗಂಟೆಗೆ ಅವಳು ನೆರೂಳ ಠಾಣೆಯಲ್ಲಿ ಮತ್ತೆ ಹಾಜರಾಗಬೇಕಿತ್ತು. ಪ್ರೂಫ್ ಇಲ್ಲದೆ ಹೋದರೆ ಅರೆಸ್ಟ್. ವಯಸ್ಸು ಇಪ್ಪತ್ತಮೂರು.

ನಾನು ಮರ್ಯಾದೆಗೆ ವಿಷ್ಣುಮೂರ್ತಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪ್ ಸಿಕ್ಕಿದೆ, ಮೊದಲು ಠಾಣೆಯಲ್ಲಿ ತೋರಿಸಿ ಆಮೇಲೆ ನಿಮಗೆ ಕೊಡುತ್ತೇನೆ ಅಂದೆ. ಅವನು "ಆಯ್ತು" ಅಂತಷ್ಟೇ ಅಂದ. ಒಂದು ಗಂಟೆಯೊಳಗೆ ಆ ಇಬ್ಬರು ಪ್ಲಾಟ್‌ಫಾರ್ಮಿನಲ್ಲಿದ್ದರು. ಅವನಿಗೆ ನಮ್ಮವರು ಅನ್ನುವವರು ಬಹಳ ಜನ ಸಾರ್.

ಎಕ್ಸ್‌ಪ್ರೆಸ್ ಹೋದ ಹಿಂದೆಯೇ ಲೋಕಲ್ ಗಾಡಿ ಬಂತು. ರಮಿತಾಳ ಕೈ ಹಿಡಿದೆಳೆದು ಹತ್ತಿಸಿದೆ. ದಾಂಡಿಗನೊಬ್ಬ ಓಡಿ ಬಂದು ಬಾಗಿಲ ಕಂಬಿ ಹಿಡಿದ. ಅವನ ಬೆರಳಿನ ಮೇಲೆ ನನ್ನ ಬೂಟು ಇಟ್ಟೆ. ಗಾಡಿ ಹೊರಟಿತು. ಅವನು ಅಲ್ಲೇ ಉಳಿದ.

"ಅಳ್ಬೇಡ," ಅಂದೆ. "ಹೋದದ್ದು ಬರೀ ಡಬ್ಬ. ನೀನು ಬರ್ದದ್ದು ಡಬ್ಬದೊಳಗೆ ಇಲ್ಲ."

"ಮತ್ತೆ ಎಲ್ಲಿ?"

"ಕ್ಲೌಡಿನಲ್ಲಿ. ಇಂಟರ್ನೆಟ್ ಇದ್ದ ಯಾವ ಕಂಪ್ಯೂಟರಿನಲ್ಲೂ ತೆಗೀಬಹುದು. ಪಾಸ್‌ವರ್ಡ್ ನೆನಪುಂಟಾ?"

ಹೌದು ಅಂತ ತಲೆಯಾಡಿಸಿದಳು. ಬರೆದದ್ದು ಎಲ್ಲಿ ಉಳಿಯುತ್ತದೆ ಅಂತ ದಿನಾ ಅದರಲ್ಲೇ ಕೆಲಸ ಮಾಡುವವಳಿಗೂ ಗೊತ್ತಿರಲಿಲ್ಲ! ಥಾಣೆಯಲ್ಲಿ ಗಾಡಿ ಬದಲಿಸಿ ನೆರೂಳಕ್ಕೆ ಮುಟ್ಟಿದೆವು.

ವಿಷ್ಣುಮೂರ್ತಿ ನಮಗಿಂತ ಮೊದಲೇ ಬಂದು ಇನ್ಸ್‌ಪೆಕ್ಟರ್ ಎದುರು ಕೂತಿದ್ದ. ಚಹಾ ಕುಡಿಯುತ್ತಿದ್ದ.

"ಲ್ಯಾಪ್‌ಟಾಪ್ ಕುಠೆ ಆಹೆ?" ಇನ್ಸ್‌ಪೆಕ್ಟರ್ ಕೇಳಿದ.

"ಗಾಡಿಯಡಿಗೆ ಹೋಯಿತು ಸಾಹೇಬ್."

"ನೋಡಿ," ಅಂದ ವಿಷ್ಣುಮೂರ್ತಿ. ದನಿಯಲ್ಲಿ ಕನಿಕರ. "ಸಾಕ್ಷಿಯನ್ನೂ ನಾಶ ಮಾಡಿದ್ದಾಳೆ. ಪಾಪ, ಚಿಕ್ಕ ಹುಡುಗಿ."

ಇನ್ಸ್‌ಪೆಕ್ಟರ್ ಹತ್ತಿರ ಐದು ನಿಮಿಷ ಅವನ ಕಂಪ್ಯೂಟರ್ ಕೇಳಿದೆ. ರಮಿತಾ ಲಾಗಿನ್ ಮಾಡಿದಳು. ಶೀಟ್ ತೆರೆದುಕೊಂಡಿತು. ಅದರಲ್ಲಿ ಯಾವಾಗ ಏನೇನು ಬದಲಾಗಿದೆ ಅನ್ನುವ ಹಿಸ್ಟರಿ ಬೇರೆಯೇ ಇರುತ್ತದೆ. ಅದನ್ನು ತೆಗೆದೆ.

ನಿನ್ನೆ ಬೆಳಿಗ್ಗೆ 5.34. ಹತ್ತೊಂಬತ್ತು ಡಿಗ್ರಿ. ಚಟ್ನಿ ಕಳಿಸಬೇಡಿ.

ನಿನ್ನೆ ಮಧ್ಯಾಹ್ನ 1.12. ಆ ಸಾಲು ಅಳಿಸಿದೆ. ನಾಲ್ಕು ಡಿಗ್ರಿ.

"ನಿನ್ನೆ ಒಂದು ಹನ್ನೆರಡಕ್ಕೆ ಈ ಹುಡುಗಿ ಎಲ್ಲಿದ್ದಳು ಸಾಹೇಬ್?"

ಇನ್ಸ್‌ಪೆಕ್ಟರ್ ಡೈರಿ ನೋಡಿದ. ಎರಡು ಸಲ ನೋಡಿದ.

"ಇಲ್ಲೇ. ನನ್ನೆದುರು. ಹೇಳಿಕೆ ಕೊಡುತ್ತಿದ್ದಳು. ಅವಳ ಫೋನ್ ನಾನೇ ತೆಗೆದಿಟ್ಟಿದ್ದೆ."

ವಿಷ್ಣುಮೂರ್ತಿಯ ಮುಖದ ಬಣ್ಣ ಇಳಿಯಿತು. ನನ್ನ ಕಡೆ ಬಾಗಿದ. ಕನ್ನಡದಲ್ಲಿ ಪಿಸುಗುಟ್ಟಿದ.

"ನಾನು ಸರೀ ಅಳಿಸಿದ್ದೆ ಮಾರಾಯ... ಮತ್ತೆ ಹೇಗೆ ಉಳೀತು?"

ಅಸಹ್ಯವಾಯಿತು ಸಾರ್. ಹನ್ನೊಂದು ಹುಡುಗಿಯರು ಬದುಕುತ್ತಾರೋ ಸಾಯುತ್ತಾರೋ ಅನ್ನುವ ಚಿಂತೆ ಅವನ ಮುಖದಲ್ಲಿ ಹುಡುಕಿದರೂ ಇರಲಿಲ್ಲ. ಅಳಿಸಿದ್ದು ಉಳಿಯಿತಲ್ಲ ಅನ್ನುವುದೇ ಸಂಕಟ. ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಕ್ಕೆ ನನಗೆ ಮೈ ತೊಳೆಯಬೇಕು ಅನ್ನಿಸಿತು.

ಆ ಮಾತನ್ನು ಇನ್ಸ್‌ಪೆಕ್ಟರಿಗೆ ಹಿಂದಿಯಲ್ಲಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ.

ರಮಿತಾ ಹೊಸ ಹೇಳಿಕೆಗೆ ಸಹಿ ಹಾಕಿ ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೂತು ತಾಯಿಗೆ ಫೋನ್ ಮಾಡಿದಳು. ಬರೀ ಅತ್ತಳು.

ವಿಷ್ಣುಮೂರ್ತಿಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ತಿರುಗಿ ನಿಂತ.

"ಹಳೇ ರಿಜಿಸ್ಟರ್ ಪುಸ್ತಕವೇ ಒಳ್ಳೇದಿತ್ತು ಜಯಶೀಲ. ಹಾಳೆ ಹರಿದ್ರೆ ಮುಗೀತಿತ್ತು."

ಆ ದಿನ ಅವನು ಪಿಸುಗುಟ್ಟದೆ ನಿಜ ಹೇಳಿದ್ದು ಅದೊಂದು ಸಲ.