ಹೆಸರಿಲ್ಲದೆ ಕರೆದವಳು

"ಕವಲು ಬಂದಲ್ಲೆಲ್ಲ ಅವನ ಹೆಸರು ಹಿಡಿದು ಕರೀಬೇಕು ಕಣಮ್ಮ," ಎಂದರು ಪೆಂಗ್ ಮಾವ. "ಬರೀ ಬಾ ಅಂದ್ರೆ ಸಾಲಲ್ಲ. ಊರು, ಮನೆತನ, ಹೆಸರು, ಮೂರೂ ಹೇಳ್ಬೇಕು. ಆಮೇಲೆ ಯಾವ ಕಡೆ ತಿರುಗ್ತೀವಿ ಅನ್ನೋದು. ಸೇತುವೆ ಬಂದ್ರೆ ಸೇತುವೆ ಅನ್ನು, ಸುರಂಗ ಬಂದ್ರೆ ಸುರಂಗ ಅನ್ನು. ಸತ್ತೋರಿಗೆ ದಾರಿ ಕಾಣಲ್ಲ."

ಗುವಾನ್ ಮಿನ್ ಗಂಡನ ಬೂದಿಯ ಪೆಟ್ಟಿಗೆಯನ್ನು ಕಾರಿನ ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದಳು. ಸುತ್ತಿದ್ದ ಕೆಂಪು ಬಟ್ಟೆಯ ಗಂಟು ಸಡಿಲವಾಗಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು.

"ಚೊಂಗ್‌ಚಿಂಗಿನಲ್ಲಿ ಬದುಕಿರೋರಿಗೇ ದಾರಿ ಕಾಣಲ್ಲ ಮಾವ. ಅದಕ್ಕೇ ಫೋನು ಇರೋದು. ಎಡ, ಬಲ, ಸೇತುವೆ, ಎಲ್ಲಾ ಅದೇ ಹೇಳುತ್ತೆ. ಅವನೂ ಕೇಳಿಸ್ಕೊಳ್ಳಲಿ."

"ನಗಬೇಡ. ಬಡಗಣ ಊರಿನೋಳು, ನಿಂಗೆ ಲಾವ್‌ಜಿಂಗ್ ಕೂಡುರಸ್ತೆ ಗೊತ್ತಿಲ್ಲ."

ಪೆಂಗ್ ಅವಳ ಗಂಡನ ಸೋದರಮಾವ. ಬೂದಿ ಕೊಟ್ಟ ಚಿತಾಗಾರದ ಎದುರಿನ ಬೀದಿಯಲ್ಲೇ ಅವರ ನೂಡಲ್ಸ್ ಅಂಗಡಿ. ಸುಟ್ಟ ಮೆಣಸಿನೆಣ್ಣೆಯ ವಾಸನೆ ಅವರ ಅಂಗಿಯಿಂದ ಎಂದೂ ಹೋಗುತ್ತಿರಲಿಲ್ಲ. ಅವರು ಜೊತೆಗೆ ಬರುವ ಹಾಗಿರಲಿಲ್ಲ. ಮಣ್ಣು ಮಾಡುವ ಈ ದಿನ ಪಂಚಾಂಗದ ಪ್ರಕಾರ ಮೊಲದ ವರ್ಷದಲ್ಲಿ ಹುಟ್ಟಿದವರಿಗೆ ಆಗಿಬರದು ಎಂದು ಊರಿನ ಜೋಯಿಸ ಹೇಳಿಕಳಿಸಿದ್ದ. ಮಾವ ಮೊಲದ ವರ್ಷದವರು. ಹೊತ್ತು ಮುಳುಗುವ ಮೊದಲು ಪೆಟ್ಟಿಗೆ ಗಂಡನ ಹುಟ್ಟೂರಾದ ಶಿಮೆನ್ ಹಳ್ಳಿಯ ಗುಡ್ಡ ಮುಟ್ಟಬೇಕಿತ್ತು. ಮುಟ್ಟಿಸಲು ಇದ್ದವಳು ಮಿನ್ ಒಬ್ಬಳೇ.

"ಆ ಕೂಡುರಸ್ತೆ ಕಟ್ಟೋ ಮುಂಚೆ ಅಲ್ಲೊಂದು ಗುಡ್ಡ ಇತ್ತು," ಮಾವ ದನಿ ತಗ್ಗಿಸಿದರು. "ಗುಡ್ಡದ ತುಂಬ ಗೋರಿ. ಎಲ್ಲಾನೂ ಅಗೆದು ಲಾರಿಗೆ ತುಂಬಿದ್ರು. ಒಬ್ಬರ ಹೆಸರೂ ಕರೀಲಿಲ್ಲ. ಆ ಗೋರಿಗಳ ಮನೆತನದೋನು ಒಬ್ಬ ಮುದುಕ ಇದ್ದ, ಮಾಟಗಾರ. ಕರಿ ಹುಂಜದ ಕೊಕ್ಕು ಕರಿ ದಾರದಲ್ಲಿ ಹೊಲಿದು, ಜೀವ ಇದ್ದಂಗೇ ಕಂಬದ ಹಸಿ ಕಾಂಕ್ರೀಟಿಗೆ ಹಾಕ್ಬಿಟ್ಟ. ಸತ್ತೋರಿಗೆ ದಾರಿ ತೋರಿಸೋದು ಹುಂಜ ಅಲ್ವಾ. ನಮ್ಮೋರು ಇಲ್ಲಿ ದಿಕ್ಕು ತಪ್ಪಿದಂಗೆ ನಿಮ್ಮೋರೂ ತಪ್ಪಲಿ, ನಿಮ್ಮೋರು ಇಲ್ಲಿ ಉಳಿದ್ರೆ ನಮ್ಮೋರು ಇಲ್ಲಿಂದ ಹೊರಡಲಿ ಅಂದ."

"ಮುದುಕನ ಮೇಲೆ ಕೇಸು ಹಾಕಲಿಲ್ವಾ?"

ಮಾವ ನಗಲಿಲ್ಲ. "ಅಲ್ಲಿ ದಾರಿ ತಪ್ಪಿದ್ರೆ ಹಿಂದಕ್ಕೆ ತಿರುಗಬೇಡ. ರಸ್ತೆ ಎಲ್ಲಿಗೆ ಕರ್ಕೊಂಡೋಗುತ್ತೋ ಹೋಗು. ಇನ್ನೊಂದು ಊರಿಗೇ ಹೋಗಲಿ. ಅದೇ ಕವಲಿಗೆ ಎರಡನೇ ಸಲ ಬರಬೇಡ."

"ಇವತ್ತು ಮಣ್ಣು ಮಾಡ್ಬೇಕಲ್ಲ ಮಾವ."

"ಮಣ್ಣು ನಾಳೇನೂ ಇರುತ್ತೆ," ಎಂದು ಅವರು ಕಾರಿನ ಬಾಗಿಲು ಹಾಕಿದರು.

ಮಧ್ಯಾಹ್ನವೇ ಆದರೂ ನದಿಯಿಂದ ಎದ್ದ ಮಂಜು ಊರನ್ನು ಮುಚ್ಚಿತ್ತು. ಇಪ್ಪತ್ತನೆಯ ಅಂತಸ್ತಿನ ಕಿಟಕಿಯ ಎದುರಿಗೇ ಬಸ್ಸು ಓಡುವ ಊರು ಅದು. ಇಲ್ಲಿ ನೆಲ ಎಲ್ಲಿದೆಯೆಂದು ಮಿನ್‌ಗೆ ಎಂದೂ ತಿಳಿದಿರಲಿಲ್ಲ. ಕಾರು ಅವಳ ಗಂಡ ಚುನ್‌ಹಾಯ್‌ದು. ಸ್ಟೇರಿಂಗಿನ ಮೇಲೆ ಅವನ ಬೆರಳು ಸವೆಸಿದ ಎರಡು ಕಡೆ ಚರ್ಮ ನುಣುಪಾಗಿತ್ತು. ಅವಳು ಬೇಕೆಂದೇ ಅಲ್ಲಿ ಕೈಯಿಟ್ಟಳು.

ಅವಳ ಕೆಲಸ ದೂರದ ಬಡಗಣ ಶೆನ್‌ಯಾಂಗಿನಲ್ಲಿ, ಅಳತೆಯ ಉಪಕರಣಗಳನ್ನು ತಪಾಸಣೆ ಮಾಡುವ ಪ್ರಯೋಗಾಲಯದಲ್ಲಿ. ಅವನ ಕೆಲಸ ಇಲ್ಲಿ. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಹೊಸ ವರ್ಷದ ರಜೆಗಳಲ್ಲಿ ಮಾತ್ರ. ಉಳಿದದ್ದೆಲ್ಲ ಫೋನಿನಲ್ಲಿ. ಇನ್ನೊಂದು ವರ್ಷ, ಆಮೇಲೆ ಒಂದೇ ಊರು ಎಂದುಕೊಳ್ಳುತ್ತಲೇ ವರ್ಷಗಳು ಕಳೆದಿದ್ದವು. ಅವನು ಬಾಡಿಗೆ ಕೋಣೆಯಲ್ಲಿ ನಿದ್ದೆಯಲ್ಲೇ ಹೋಗಿದ್ದ. ಬಾಗಿಲು ಒಡೆದವರು ಯಾರೋ. ಕಣ್ಣು ಮುಚ್ಚಿದವರು ಯಾರೋ. ಊರಿನ ಮಣ್ಣಿಗಾದರೂ ತನ್ನ ಕೈಯಾರೆ ಅವನನ್ನು ಮುಟ್ಟಿಸಬೇಕೆಂಬ ಒಂದೇ ಹಟದಲ್ಲಿ ಅವಳು ಬಂದಿದ್ದಳು. ಅವಳಿಂದ ಇನ್ನು ಆಗುವಂಥದ್ದು ಬೇರೆ ಏನೂ ಉಳಿದಿರಲಿಲ್ಲ.

ನಕ್ಷೆಯ ಹೆಣ್ಣುದನಿ ಎಡವೆಂದಿತು, ಬಲವೆಂದಿತು, ಮುಂದೆ ಸೇತುವೆಯೆಂದಿತು. ಮೊದಲ ಕವಲಿನಲ್ಲಿ ಮಿನ್ ಪಕ್ಕದ ಪೆಟ್ಟಿಗೆಯತ್ತ ನೋಡಿ, "ಕೇಳಿಸ್ತಾ?" ಎಂದಳು. ತನ್ನದೇ ದನಿ ಕಾರಿನೊಳಗೆ ಅಷ್ಟು ದೊಡ್ಡದಾಗಿ ಕೇಳಿದ್ದು ಅವಳಿಗೆ ಹಿಡಿಸಲಿಲ್ಲ. ಆಮೇಲೆ ಮಾತಾಡಲಿಲ್ಲ.

ಲಾವ್‌ಜಿಂಗ್ ಮಂಜಿನೊಳಗಿಂದ ಒಮ್ಮೆಗೇ ಎದುರಾಯಿತು. ರಸ್ತೆಯ ಮೇಲೆ ರಸ್ತೆ, ಅದರ ಮೇಲೆ ಮತ್ತೊಂದು. ಮೇಲಿನಿಂದ ಕೆಳಕ್ಕೆ ಸುತ್ತುವವು, ಕೆಳಗಿನಿಂದ ಮೇಲಕ್ಕೆ ಹೊರಳುವವು, ಎಲ್ಲಕ್ಕೂ ಒಂದೇ ಬಗೆಯ ಬೂದು ಕಂಬಗಳು. ಫಲಕದಲ್ಲಿ ಆರು ಬಾಣಗಳಿದ್ದವು. ಓದುವಷ್ಟರಲ್ಲಿ ಫಲಕ ಹಿಂದಾಯಿತು.

"ಬಲಕ್ಕೆ ಇರಿ," ಎಂದಿತು ಫೋನು.

ಬಲಕ್ಕೆ ಎರಡು ದಾರಿಗಳಿದ್ದವು. ಅವಳು ಒಂದನ್ನು ಹಿಡಿದಳು. ರಸ್ತೆ ಹೊರಳಿತು, ಹೊರಳುತ್ತಲೇ ಹೋಯಿತು. ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಇಲ್ಲ. ಆಮೇಲೆ ಅದೇ ಫಲಕ. ಅದೇ ಆರು ಬಾಣಗಳು.

ಇದರ ಕಾರಣ ಅವಳಿಗೆ ಗೊತ್ತಿತ್ತು. ಉಪಗ್ರಹ ನೋಡುವ ಫೋನು ನೆಲದ ಮೇಲಿನ ಜಾಗವನ್ನು ಚೆನ್ನಾಗಿ ಹೇಳುತ್ತದೆ, ಎತ್ತರವನ್ನು ಅಷ್ಟು ಚೆನ್ನಾಗಿ ಹೇಳದು. ಒಂದರ ಮೇಲೊಂದು ಐದು ರಸ್ತೆಗಳಿದ್ದರೆ ತಾನು ಯಾವುದರ ಮೇಲಿದ್ದೇನೆಂದು ಅದಕ್ಕೆ ತಿಳಿಯದು. ಪ್ರತಿ ಉಪಕರಣಕ್ಕೂ ಒಂದು ತಪ್ಪಿರುತ್ತದೆ, ಆ ತಪ್ಪು ಎಷ್ಟೆಂದು ತಿಳಿದರೆ ಸಾಕು ಎಂದು ಅವಳೇ ಹೊಸಬರಿಗೆ ಪಾಠ ಹೇಳುತ್ತಿದ್ದಳು. ಈಗ ಆ ಪಾಠವನ್ನು ತನಗೇ ಹೇಳಿಕೊಂಡಳು. ಎರಡನೆಯ ಬಲದಾರಿ ಹಿಡಿದಳು.

ಮತ್ತೆ ಅದೇ ಫಲಕ.

ಮುಂದೆ ಕಾರುಗಳಿರಲಿಲ್ಲ. ಹಿಂದೆಯೂ ಇರಲಿಲ್ಲ. ಯಾವಾಗಿನಿಂದ ಇರಲಿಲ್ಲವೆಂದು ಅವಳು ಗಮನಿಸಿರಲಿಲ್ಲ. ಫೋನು ಸುಮ್ಮನಾಗಿತ್ತು. ಪರದೆಯ ಮೇಲೆ ನೀಲಿ ಚುಕ್ಕೆ ಖಾಲಿ ಬಿಳುಪಿನಲ್ಲಿ ತನ್ನಷ್ಟಕ್ಕೆ ತಿರುಗುತ್ತಿತ್ತು.

ಗಾಳಿ ಬರುವ ಕಿಂಡಿಯಿಂದ ವಾಸನೆ ಬಂತು. ಮೊದಲು ಹಸಿಮಣ್ಣು. ಆಳದ ಮಣ್ಣು, ಬಿಸಿಲು ಕಾಣದ್ದು. ಅದರ ಹಿಂದೆ ಸುಟ್ಟ ಗರಿ. ಅವಳು ಕಿಂಡಿ ಮುಚ್ಚಿದಳು. ವಾಸನೆ ಹೋಗಲಿಲ್ಲ. ಅದು ಒಳಗಿನದೇ ಆಗಿತ್ತು.

ಎಡಗಡೆಯ ಕಂಬದೊಳಗಿಂದ ಒಂದು ಸದ್ದು. ಕೂಗಲು ಹೊರಟ ಗಂಟಲು, ಬಾಯಿ ಬಿಡಲಾಗದೆ ಒದ್ದಾಡುವ ಸದ್ದು. ಕಾಂಕ್ರೀಟಿನ ಬಿರುಕಿನಲ್ಲಿ ಗಾಳಿ ಎಂದುಕೊಂಡಳು. ಗಾಳಿ ಇರಲಿಲ್ಲ. ಮಂಜು ಅಲುಗದೆ ನಿಂತಿತ್ತು.

ಟಿಣ್, ಎಂದಿತು ಕಾರು.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಹಿಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕಿಲ್ಲ.

ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದಳು. ಖಾಲಿ ಸೀಟು. ತೇವ ಕೆಡಿಸಿದ ಸಂವೇದಕ, ಅಷ್ಟೇ. ತೇವಕ್ಕೆ ಇಂಥವು ಕೆಡುತ್ತವೆ. ಎಷ್ಟೋ ನೋಡಿದ್ದೇನೆ ಎಂದುಕೊಂಡಳು.

ಟಿಣ್. ಎರಡನೆಯ ದೀಪ.

ಆಗ ಅವಳಿಗೆ ಭಯವಾಯಿತು. ಮೊದಲು ನೆನಪಾದದ್ದು ಮಾವ ಅಲ್ಲ, ಚುನ್‌ಹಾಯ್. ಅವನು ಎಲ್ಲಿದ್ದಾನೆ? ಮೊದಲ ಕವಲಿನಿಂದ ಇಲ್ಲಿಯವರೆಗೆ ಒಮ್ಮೆಯೂ ಕರೆಯಲಿಲ್ಲ. ಕುರುಡನನ್ನು ನಡುಬೀದಿಯಲ್ಲಿ ಬಿಟ್ಟು ಬಂದಂತಾಯಿತೇ? ಮುಂದೆ ಮತ್ತೆ ಅದೇ ಕವಲು ಬರುತ್ತಿತ್ತು. ಈಗಲಾದರೂ ಕರೆಯಬೇಕು. ಬಾಯಿ ತೆರೆದಳು. ಹೆಸರು ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಅವನನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ. ಫೋನು ಎತ್ತಿದರೆ ಆ ಕಡೆ ಅವನೇ ಇರುತ್ತಿದ್ದ, ಕರೆಯುವ ಅಗತ್ಯ ಬಿದ್ದಿರಲಿಲ್ಲ. ಅಭ್ಯಾಸದ ನಾಲಿಗೆ ಅಭ್ಯಾಸದ ಮಾತನ್ನೇ ಆಡಿತು.

"ಬರ್ತಿದೀಯಾ? ಬಾ. ಎಡಕ್ಕೆ ತಿರುಗ್ತಿದೀನಿ. ಮನೆಗೆ ಹೋಗೋಣ ಬಾ."

"ಬಂದೆ," ಎಂದಿತು ಹಿಂದಿನಿಂದ ಒಂದು ದನಿ.

ಮೆಲುದನಿ. ಗಂಡಸಿನದು. ಅವನದೇ ಇರಬಹುದು. ಅವಳ ಕಣ್ಣು ತುಂಬಿತು.

"ಬಂದೆ," ಎಂದಿತು ಇನ್ನೊಂದು. ಅದು ಮುದುಕಿಯದು.

ಬಂದೆ. ಬಂದೆ. ಬಂದೆ. ಕೆಮ್ಮಿನೊಂದಿಗೆ ಒಂದು. ಮಗುವಿನ ತೊದಲು ಒಂದು. ಕಾರು ಹಿಂದೆ ಕುಸಿಯಿತು. ಅವಳು ಕಲ್ಪಿಸಿಕೊಂಡದ್ದಲ್ಲ, ಅಳೆಯಬಹುದಾದದ್ದು. ಹಿಂಭಾಗ ತಗ್ಗಿದ್ದಕ್ಕೆ ದೀಪಗಳ ಬೆಳಕು ರಸ್ತೆ ಬಿಟ್ಟು ಮೇಲಕ್ಕೆದ್ದಿತು. ಮಂಜನ್ನು ಬೆಳಗಿತು. ರಸ್ತೆ ಕತ್ತಲಾಯಿತು. ಸ್ಟೇರಿಂಗು ಹಗುರಾಯಿತು. ಗಾಜುಗಳೆಲ್ಲ ಒಳಗಿನಿಂದ ಮಬ್ಬಾದವು. ಅಷ್ಟು ಉಸಿರು. ತಣ್ಣನೆಯ ಉಸಿರು. ಕತ್ತಿನ ಹಿಂದೆ. ಕಿವಿಯ ಹತ್ತಿರ. ತಿರುಗಿ ನೋಡಲಿಲ್ಲ. ಎಡಕ್ಕೆ ತಿರುಗಿಸಿದಳು. ಕಾಲು ಒತ್ತಿದಳು. ಎಡ. ಎಡ. ಮಂಜು ಹರಿಯಿತು.

ಎದುರಿಗೆ ಗುಡ್ಡಗಳ ಹೆದ್ದಾರಿ. ಲಾರಿಯೊಂದು ಹಾರನ್ ಹೊಡೆದು ಪಕ್ಕದಲ್ಲಿ ಹಾದುಹೋಯಿತು. "ಮುಂದಕ್ಕೆ ಸಾಗಿ," ಎಂದಿತು ಫೋನು.

ಹಿಂದೆ ಯಾರೂ ಮಾತಾಡಲಿಲ್ಲ. ದೀಪದ ಬೆಳಕು ಮಾತ್ರ ದಾರಿಯುದ್ದಕ್ಕೂ ಮರಗಳ ತಲೆಯ ಮೇಲೆಯೇ ಓಡಿತು.

ಶಿಮೆನ್ ತಲುಪಿದಾಗ ಹೊತ್ತು ಗುಡ್ಡದ ಅಂಚಿಗಿತ್ತು. ಅಂಗಳದಲ್ಲಿ ಅಗೆಯುವವರು ಗುದ್ದಲಿ ಊರಿಕೊಂಡು ಕಾದಿದ್ದರು. ತಲೆಗೆ ಬಿಳಿ ಬಟ್ಟೆ ಕಟ್ಟಿದ ಅತ್ತೆ ಹೊಸ್ತಿಲ ಒಳಗೆ ನಿಂತಿದ್ದಳು. ಮಿನ್ ಪೆಟ್ಟಿಗೆ ಹಿಡಿದು ಇಳಿದಳು.

"ಕರ್ಕೊಂಡು ಬಂದೆ ಅತ್ತೆ."

ಅತ್ತೆ ಸೊಂಟದಿಂದ ಬಿದಿರಿನ ಬೇರು ಸೀಳಿದ ಎರಡು ಹೋಳು ತೆಗೆದಳು. ಬಂದವರು ಯಾರೆಂದು ಕೇಳದೆ ಹೊಸ್ತಿಲು ದಾಟಿಸುವ ಪದ್ಧತಿ ಆ ಗುಡ್ಡಗಳಲ್ಲಿಲ್ಲ. ಎಸೆದಾಗ ಒಂದು ಹೋಳು ಅಂಗಾತ, ಒಂದು ಬೋರಲು ಬಿದ್ದರೆ ಹೌದು, ಎರಡೂ ಬೋರಲಾದರೆ ಅಲ್ಲ.

"ಶಿಮೆನ್ ಹಳ್ಳಿಯ ರಾನ್ ಮನೆತನದ ಚುನ್‌ಹಾಯ್, ಬಂದ್ಯಾ ಮಗಾ?"

ಎರಡೂ ಬೋರಲು.

ಮತ್ತೆ ಎಸೆದಳು. ಎರಡೂ ಬೋರಲು. ಮತ್ತೆ. ಅಗೆಯುವವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅತ್ತೆ ಸೊಸೆಯ ಮುಖ ನೋಡಲಿಲ್ಲ. ಅವಳ ಭುಜದ ಹಿಂದೆ ನೋಡಿದಳು.

"ಯಾರನ್ನ ಕರ್ಕೊಂಡು ಬಂದಿದೀಯೇ?"

"ಅತ್ತೆ, ಇದು ಅವನೇ. ನನ್ನ ಕೈಯಾರೆ..."

"ಬೂದಿ ನನ್ನ ಮಗಂದೇ. ಕೊಡು." ಅತ್ತೆ ಹೊಸ್ತಿಲ ಒಳಗಿನಿಂದಲೇ ಕೈ ಚಾಚಿ ಪೆಟ್ಟಿಗೆ ತೆಗೆದುಕೊಂಡಳು. "ನೀನು ದಾಟಬೇಡ. ನೀನು ಬಂದ್ರೆ ಅವ್ರೂ ಬರ್ತಾರೆ. ಲಾವ್‌ಜಿಂಗಲ್ಲಿ ಹೆಸರು ಹಿಡಿದು ಕರದ್ಯಾ?"

ಮಿನ್ ಖಾಲಿಯಾದ ತನ್ನ ಕೈಗಳನ್ನು ನೋಡಿಕೊಂಡಳು.

"ಸುಮ್ನೆ ಬಾ ಅಂದ್ಯಾ?"

"ಹೆದರಿಬಿಟ್ಟೆ ಅತ್ತೆ."

ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಮಿನ್‌ಗೆ ಸಮಾಧಾನವಾಗುತ್ತಿತ್ತು.

"ಅವನು ಎಲ್ಲಿದಾನೆ ಈಗ, ಅತ್ತೆ?"

"ಅಲ್ಲೇ. ಆ ಕವಲಲ್ಲಿ. ನಿನ್ನಂಥೋರು ಇನ್ಯಾರೋ ಬರ್ತಾರೆ, ಅವ್ರೂ ಸುಮ್ನೆ ಬಾ ಅಂತಾರೆ. ಅವ್ರ ಹಿಂದೆ ಹೋಗ್ತಾನೆ. ಯಾರ ಮನೆ ಬಾಗ್ಲಿಗೋ. ಅವ್ರೂ ಹಿಂಗೇ ಬಾಗ್ಲು ಹಾಕ್ಕೊಳ್ತಾರೆ."

"ವಾಪಸ್ ಹೋಗ್ತೀನಿ. ಮೂರೂ ಹೇಳ್ತೀನಿ, ಊರು, ಮನೆತನ, ಹೆಸರು. ಈಗ್ಲೇ ಹೋಗ್ತೀನಿ."

"ಹೋಗಿ ಕರೆದ್ರೆ ನಿನ್ನ ಹಿಂದೆ ಇರೋರೆಲ್ಲ ಆ ಹೆಸರಿಗೆ ಓ ಅಂತಾರೆ ಮಗಳೇ. ಅವ್ರಿಗೆ ಬೇರೆ ಹೆಸರು ಎಲ್ಲಿದೆ. ಅಷ್ಟು ಜನರಲ್ಲಿ ನಿನ್ನೋನ್ಯಾರು ಅಂತ ಹೆಂಗೆ ಹುಡುಕ್ತೀಯಾ? ಅವನ ದನಿ ನಿಂಗೆ ಸರಿಯಾಗಿ ಗೊತ್ತಿದ್ಯಾ?"

ಗೊತ್ತಿದೆ ಎನ್ನಲು ಮಿನ್ ಬಾಯಿ ತೆರೆದಳು. ಕಾರಿನಲ್ಲಿ ಮೊದಲ ದನಿಯನ್ನು ಅವನದೆಂದೇ ನಂಬಿ ಅತ್ತಿದ್ದಳು.

ಬಾಗಿಲು ಮುಚ್ಚಿಕೊಂಡಿತು. ಒಳಗೆ ಅಗುಳಿ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಮಗನಿಲ್ಲದ ಬೂದಿಯನ್ನು ಮಡಿಲಲ್ಲಿಟ್ಟುಕೊಂಡು ಮುದುಕಿ ಅಳುವ ಸದ್ದು. ಅಗೆಯುವವರು ಗುದ್ದಲಿಗಳನ್ನು ಅಲ್ಲೇ ಬಿಟ್ಟು ಹೋಗಿದ್ದರು.

ಅಂಗಳದಲ್ಲಿ ಅವಳೊಬ್ಬಳೇ ನಿಂತಳು. ಒಬ್ಬಳೇ ಅಲ್ಲ. ಹಿಂದೆ ಒಣಗಿದ ಬಿದಿರೆಲೆಗಳ ಮೇಲೆ ಹೆಜ್ಜೆಗಳು ನಿಧಾನವಾಗಿ ಬಂದು ಅವಳ ಸುತ್ತ ನಿಂತವು. ಹಸಿಮಣ್ಣಿನ ವಾಸನೆ. ಅವರಿಗೆ ಅವಸರವಿರಲಿಲ್ಲ. ಎಷ್ಟು ಕಾಲದಿಂದ ಕಾದವರೋ.

ಪ್ರತಿಯೊಬ್ಬರೂ ಯಾರದೋ ಚುನ್‌ಹಾಯ್ ಎಂದು ಅವಳಿಗೆ ಆಗ ಹೊಳೆಯಿತು. ಇವರಿಗೂ ಒಂದು ಹೊಸ್ತಿಲಿದ್ದೀತು, ಬಿದಿರಿನ ಹೋಳು ಹಿಡಿದ ಒಂದು ಕೈ ಇದ್ದೀತು. ಒಬ್ಬೊಬ್ಬರನ್ನೇ ಅವರವರ ಮನೆಗೆ ಮುಟ್ಟಿಸಿದರೆ, ಅವನನ್ನೂ ಯಾರಾದರೂ ಹಾಗೆ ಮುಟ್ಟಿಸಿಯಾರು. ಅವಳು ತಿರುಗಲಿಲ್ಲ. ಮುಚ್ಚಿದ ಬಾಗಿಲನ್ನೇ ನೋಡುತ್ತ ಕೇಳಿದಳು.

"ನಿಮ್ಮ ಊರು ಯಾವುದು? ಹೆಸರು ಹೇಳಿ. ಒಬ್ಬೊಬ್ಬರಾಗಿ ಹೇಳಿ."

ಬೆನ್ನ ಹಿಂದೆ ಯಾರೋ ನಾಲಿಗೆ ಹೊರಳಿಸಲು ನೋಡಿದರು, ಆಗಲಿಲ್ಲ. ಯಾರೋ ಪಕ್ಕದವರನ್ನು ಪಿಸುಮಾತಿನಲ್ಲಿ ಕೇಳಿದರು. ಊರು, ಹೆಸರು ಯಾರಿಗೂ ನೆನಪಿರಲಿಲ್ಲ. ಹೊತ್ತು ಮುಳುಗಿತು. ಕೊನೆಗೆ ಎಲ್ಲರ ಪರವಾಗಿ, ಕಾರಿನಲ್ಲಿ ಕೇಳಿದ್ದ ಆ ಮುದುಕಿಯ ದನಿ, ಬಹಳ ಸಂಕೋಚದಿಂದ, ಅವಳ ಕಿವಿಯ ಬಳಿ ಕೇಳಿತು:

"ಎತ್ತ ಹೋಗ್ಬೇಕು, ತಾಯಿ?"