ಬಿಳಿ ಬಣ್ಣಕ್ಕೆ ಬಂದಾಗ

ಜರ್ಮನಿಯ ಹೈಡೆಲ್‌ಬರ್ಗ್‌ನ ಕನ್ನಡಿಗರಿಗೆ ಸ್ವಾತಂತ್ರ್ಯ ಭಾನುವಾರವೇ ಬರಬೇಕಿತ್ತು. ಆಗಸ್ಟ್ ಹದಿನೈದಕ್ಕೆ ಅಲ್ಲಿ ರಜೆ ಕೊಡುವವರು ಯಾರು? ಬಾಡಿಗೆ ಹಾಲ್‌ನ ಅಂಗಳದಲ್ಲಿ ಸಂಘದವರು ಕಂಬ ನೆಟ್ಟಿದ್ದರು. ದಿಲೀಪ್ ಬಾವುಟದ ಮಡಿಕೆಗಳಲ್ಲಿ ಗುಲಾಬಿ ಎಸಳು ತುಂಬುತ್ತಿದ್ದ. ಎದುರಿಗೆ ಲಿಯೋನಾ ಹಗ್ಗ ಹಿಡಿದು ನಿಂತಿದ್ದಳು.

"ಎಂತ ಮಾರಾಯ್ರೆ, ಬಾವುಟ ಕಟ್ಟುವುದಾ, ಗುಲ್ಕಂದ್ ಮಾಡುವುದಾ?"

"ಎಷ್ಟು ಹಾಕಿದೆ ಅಂತಲೇ ಗೊತ್ತಾಗ್ಲಿಲ್ಲ ಕಣ್ರೀ. ಭಾಷಣ ಇದೆಯಲ್ಲ."

"ಮೂರು ಬಣ್ಣ, ಒಂದು ಚಕ್ರ. ಅದರ ಅರ್ಥ ಹೇಳ್ಲಿಕ್ಕೆ ಇಷ್ಟು ಹೆದರಿಕೆಯಾ?" ಎಂದು ಅವಳು ಓರೆಗಣ್ಣಲ್ಲಿ ನಕ್ಕಳು.

ಅವನ ಹೆದರಿಕೆ ಭಾಷಣದ್ದಲ್ಲ. ಮರುದಿನ ಲಿಯೋನಾ ಹೊಸ ಕೆಲಸಕ್ಕೆಂದು ಮ್ಯೂನಿಕ್‌ಗೆ ಹೊರಡುತ್ತಿದ್ದಳು. ಎರಡು ವರ್ಷ ಅವನ ಹಳೇ ಕಾರಿನಲ್ಲೇ ಇಬ್ಬರೂ ವಾಲ್‌ಡಾರ್ಫ್‌ನ ಆಫೀಸಿಗೆ ಹೋಗಿಬರುತ್ತಿದ್ದರು. ಬಾಸ್, ಬಂಗುಡೆ, ವೀಸಾ, ಎಲ್ಲದರ ಬಗ್ಗೆಯೂ ಮಾತಾಗಿತ್ತು. ಹೇಳಬೇಕಾದ ಒಂದೇ ಒಂದು ಮಾತು ಮಾತ್ರ ಬಾಕಿ ಉಳಿದಿತ್ತು. ಅವಳು ಮಂಗಳೂರಿನ ಫ್ರಾನ್ಸಿಸ್‌ರ ಮಗಳು, ಇವನು ಮೈಸೂರಿನ ಶಿವಲಿಂಗಯ್ಯನವರ ಮಗ. ಎರಡೂ ಮನೆಯಲ್ಲಿ ರಂಪ ಆಗುವುದು ಗ್ಯಾರಂಟಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದ. ಸುಮ್ಮನಿದ್ದರೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ.

ಸಂಘದ ಅಧ್ಯಕ್ಷ ಹನುಮಂತರಾಯರು ಬೆನ್ನು ತಟ್ಟಿದರು. "ಕನ್ನಡದಲ್ಲೇ ಮಾತಾಡಪ್ಪ, ಇಂಗ್ಲಿಷ್ ಬೇಡ. ಜರ್ಮನ್ ಅತಿಥಿಗಳಿಗೆ ಲಿಯೋನಾ ಹೇಳ್ತಾಳೆ."

ದಿಲೀಪ್‌ಗೆ ಅದೇ ಅನುಕೂಲ. ಜರ್ಮನಿಯವರು ಐಟಿ ಮಂದಿಗೆ ಕೊಡುವ ಗ್ರೀನ್ ಕಾರ್ಡ್ ಮೇಲೆ ಬಂದು ಮೂರು ವರ್ಷವಾದರೂ ಅವನ ಜರ್ಮನ್ ಥ್ಯಾಂಕ್ಸ್ ಅನ್ನುವ 'ಡಾಂಕೆ' ದಾಟಿರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತಿತ್ತು, ಉಳಿದ ಕಡೆ ಲಿಯೋನಾ ಇರುತ್ತಿದ್ದಳು.

ಹಗ್ಗ ಎಳೆದರು, ಬಾವುಟ ಬಿಚ್ಚಿಕೊಂಡಿತು, ಎಸಳು ಉದುರಿದವು. ಒಂದು ಎಸಳು ಲಿಯೋನಾಳ ಕೂದಲಲ್ಲಿ ಸಿಕ್ಕಿಕೊಂಡಿತು. ರಾಷ್ಟ್ರಗೀತೆ ಮುಗಿಯುವವರೆಗೂ ದಿಲೀಪ್ ಬಾವುಟ ನೋಡಬೇಕಾದ ಕಣ್ಣಲ್ಲಿ ಅದನ್ನೇ ನೋಡಿದ.

ಆಮೇಲೆ ಮೈಕ್ ಹಿಡಿದ. "ಕೇಸರಿ ಅಂದರೆ ತ್ಯಾಗ. ತನಗೆ ಬೇಕಾದದ್ದನ್ನ ಬಿಟ್ಟುಕೊಡೋದು."

ಲಿಯೋನಾ ಸರಾಗವಾಗಿ ಜರ್ಮನ್‌ನಲ್ಲಿ ಹೇಳಿದಳು.

"ಬಿಳಿ ಅಂದರೆ ಸತ್ಯ..."

ಅಷ್ಟಕ್ಕೇ ನಿಂತ. ಅಯ್ಯೋ ಶಿವನೇ! ಬಾಯಲ್ಲಿ ಸತ್ಯ, ಎದೆಯಲ್ಲಿ ಎರಡು ವರ್ಷದ ಸುಳ್ಳು. ಇನ್ನು ಅವನ ಕೈಲಾಗಲಿಲ್ಲ.

"ಕ್ಷಮಿಸಿ. ಸತ್ಯ ಏನಂದ್ರೆ, ನಾನು ಬಾಯಿ ಮುಚ್ಕೊಂಡಿದ್ದನ್ನ ತ್ಯಾಗ ಅಂದ್ಕೊಂಡಿದ್ದೆ. ಅದು ಬರೀ ಹೆದರಿಕೆ. ನಮ್ಮ ಟ್ರಾನ್ಸ್‌ಲೇಟರ್ ನಾಳೆ ಊರು ಬಿಡ್ತಿದ್ದಾರೆ. ನನಗೆ ಅವರಂದ್ರೆ ಪ್ರಾಣ."

"ಗುರೂ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಹನುಮಂತರಾಯರ ಕೈ ಮೀಸೆಯ ಮೇಲೇ ನಿಂತಿತು. ಜರ್ಮನ್ ಅತಿಥಿಗಳು ಮಾತ್ರ ಏನೂ ತಿಳಿಯದೆ ಲಿಯೋನಾಳ ಮುಖ ನೋಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ದಿಲೀಪ್‌ನ ಮನೆ ಓನರ್ ಅಜ್ಜಿ ಕಿವಿಗೆ ಕೈ ಇಟ್ಟುಕೊಂಡು ಕಾಯುತ್ತಿದ್ದರು.

ಲಿಯೋನಾಳ ಮುಖ ಕೆಂಪೇರಿತ್ತು. ಮೈಕ್ ಕಸಿದುಕೊಂಡು ಜರ್ಮನ್‌ನಲ್ಲಿ ಮಾತಾಡಿದಳು. ಅವನು ಹೇಳಿದ್ದಕ್ಕಿಂತ ಬಹಳ ಉದ್ದವಿತ್ತು ಅದು. ಮೊದಲು ಜರ್ಮನ್ ಬಲ್ಲ ಸಂಘದವರ ಮಕ್ಕಳು ಕಿಸಕ್ಕೆಂದು ನಕ್ಕವು. ಅಜ್ಜಿ ಕಣ್ಣೊರೆಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ದಿಲೀಪ್ ಒಬ್ಬನೇ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿದ್ದ. ಬೈದಳೋ? ತಮಾಷೆ ಮಾಡಿ ತೇಲಿಸಿಬಿಟ್ಟಳೋ?

"ಮುಂದೆ ಹೇಳಿ," ಎಂದಳು ಅವಳು, ಅವನತ್ತ ನೋಡದೆ. "ಹಸಿರು ಬಾಕಿ ಉಂಟು."

ಹಸಿರು ಅಂದರೆ ಮಣ್ಣಿನ ಸಂಬಂಧ, ಚಕ್ರ ಅಂದರೆ ಚಲನೆ, ನಿಂತರೆ ಸಾವು, ನಡೆದರೆ ಬದುಕು ಎಂದು ಒಂದೇ ಉಸಿರಿಗೆ ಒದರಿ ಕೆಳಗಿಳಿದ. ಎಲ್ಲರೂ ತಿಂಡಿಗೆ ಹೋದಾಗ ಕಂಬದ ಹತ್ತಿರ ಅವಳನ್ನು ತಡೆದ.

"ಏನಂದ್ರಿ ಅವರಿಗೆ?"

"ಜರ್ಮನ್ ಕಲೀರಿ ಅಂತ ಎಷ್ಟು ಬಡ್ಕೊಂಡೆ ನಾನು! ಈಗ ಅನುಭವಿಸಿ."

"ಲಿಯೋನಾ, ಜೀವ ಹೋಗ್ತಿದೆ ಕಣ್ರೀ."

ಅವನ ದನಿ ಕೇಳಿ ಅವಳ ತುಂಟತನ ಕರಗಿತು. ಕೂದಲಲ್ಲಿದ್ದ ಎಸಳನ್ನು ತೆಗೆದು ಅವನ ಜೇಬಿಗೆ ಹಾಕಿದಳು.

"ನೀವು ಹೇಳಿದ್ದನ್ನ ಇದ್ದ ಹಾಗೇ ಹೇಳಿದೆ. ಆಮೇಲೆ, ಇವರಿಗೆ ಸ್ವಲ್ಪವೂ ಬುದ್ಧಿ ಇಲ್ಲ, ಎರಡು ವರ್ಷ ಕಾಯಿಸಿದ್ರು, ಆದ್ರೂ ನನಗೆ ಇವರೇ ಬೇಕು ಅಂತ ಹೇಳಿದೆ."

ದಿಲೀಪ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತೆ ಮ್ಯೂನಿಕ್?"

"ಹೋಗಿಯೇ ಹೋಗ್ತೇನೆ. ಈಗಷ್ಟೇ ಭಾಷಣ ಬಿಗಿದ್ರಲ್ಲ, ನಿಂತ್ರೆ ಸಾವು ಅಂತ?" ಅವಳು ತಲೆಯೆತ್ತಿ ಚಕ್ರ ತೋರಿಸಿದಳು. "ಒಂದು ವೀಕೆಂಡ್ ನೀವು ಬನ್ನಿ, ಒಂದು ವೀಕೆಂಡ್ ನಾನು ಬರ್ತೇನೆ. ಟ್ರೈನಲ್ಲಿ ಕೂತು ಜರ್ಮನ್ ಕಲೀರಿ."

"ಮನೆಯವರಿಗೆ?"

ಅವಳಿಗೂ ಆ ಹೆದರಿಕೆ ಇತ್ತು. "ಅವರಿಗೆ ಇಬ್ಬರೂ ಒಟ್ಟಿಗೇ ಹೇಳುವ. ಆಗ ಮಾತ್ರ ಅರ್ಧಕ್ಕೆ ನಿಲ್ಲಬೇಡಿ. ಆಗ್ತದಾ?"

ದಿಲೀಪ್‌ಗೆ ಇನ್ನೊಂದು ಜರ್ಮನ್ ಪದ ಗೊತ್ತಿತ್ತು, ಹೌದು ಅನ್ನುವುದಕ್ಕೆ. ಮೂರು ವರ್ಷದಲ್ಲಿ ಮೊದಲ ಸಲ ಅದನ್ನು ಧೈರ್ಯವಾಗಿ ಹೇಳಿದ.

"ಯಾ."

"ಉಚ್ಚಾರ ಸರಿ ಉಂಟು," ಎಂದು ಲಿಯೋನಾ ಎಲ್ಲರ ಎದುರಿಗೇ ಅವನ ಕೈ ಹಿಡಿದುಕೊಂಡಳು.